ಕಮಾಂಡ್ ಹೋಯ್ತು, ಕೆಲಸ ಆಯ್ತಾ?

ಪೈಥಾನ್ ಕೋಡ್‌ನಿಂದ ದೂರದ ಸರ್ವರ್‌ನಲ್ಲಿ ಸ್ಕ್ರಿಪ್ಟ್ ಓಡಿಸಲು ಪ್ಯಾರಾಮಿಕೊದ (ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನದ ಮೂಲಕ, ಸರ್ವರ್ ಮುಟ್ಟುವ ಪೈಥಾನ್ ಲೈಬ್ರರಿ) ನಾಲ್ಕು ಸಾಲು ಸಾಕು. ಕನೆಕ್ಟ್ ಆಗು, ಕಮಾಂಡ್ ಕಳಿಸುವ ಎಕ್ಸೆಕ್ ಕಮಾಂಡ್ (exec_command) ಫಂಕ್ಷನ್ ಕರೆ, ಔಟ್‌ಪುಟ್ ಓದು, ಮುಚ್ಚು. ತಲೆನೋವು ಶುರುವಾಗುವುದು ಆಮೇಲೆ. ಆ ಕಡೆ ಕೆಲಸ ಮುಗಿಯಿತೋ, ಅರ್ಧಕ್ಕೆ ನಿಂತಿತೋ, ಎರಡೆರಡು ಸಲ ಓಡುತ್ತಿದೆಯೋ ಈ ಕಡೆಯ ಕೋಡ್‌ಗೆ ತಾನಾಗಿ ಗೊತ್ತಾಗುವುದಿಲ್ಲ.

ಮೊದಲನೆಯದಾಗಿ, ಎಕ್ಸೆಕ್ ಕಮಾಂಡ್ ಕಾಯುವುದಿಲ್ಲ. ಕಮಾಂಡ್ ದಾಟಿಸಿ ಕೂಡಲೇ ವಾಪಸ್ ಬರುತ್ತದೆ. ಬ್ಯಾಕಪ್ ತೆಗೆಯುವ ಸಾಲಿನ ಕೆಳಗೇ ಹಳೆಯ ಡೇಟಾ ಅಳಿಸುವ ಸಾಲು ಬರೆದಿದ್ದರೆ ಎರಡೂ ಒಟ್ಟೊಟ್ಟಿಗೆ ಓಡುತ್ತವೆ. ಸ್ಕ್ರಿಪ್ಟ್ ಸೋತರೂ ಎಕ್ಸೆಪ್ಶನ್ ಬರುವುದಿಲ್ಲ. ಕೆಲಸ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆಯನ್ನು, ಅಂದರೆ ಎಕ್ಸಿಟ್ ಕೋಡ್ ಅನ್ನು (ಸೊನ್ನೆ ಎಂದರೆ ಗೆದ್ದಿತು), ನಾವೇ ಚಾನೆಲ್‌ನಿಂದ (ಸಂಪರ್ಕದೊಳಗೆ ಆ ಕಮಾಂಡ್‌ಗೆಂದೇ ತೆರೆದ ದಾರಿ) ಕೇಳಿ ಪಡೆಯಬೇಕು.

ಕೇಳುವ ಹೊತ್ತೂ ಮುಖ್ಯ. ಔಟ್‌ಪುಟ್ ಓದದೆ ನೇರವಾಗಿ ಎಕ್ಸಿಟ್ ಕೋಡ್‌ಗೆ ಕಾದು ಕುಳಿತರೆ ಪ್ರೋಗ್ರಾಂ ಶಾಶ್ವತವಾಗಿ ನಿಂತುಬಿಡಬಹುದು. ಪ್ಯಾರಾಮಿಕೊ ಚಾನೆಲ್‌ನ ವಿಂಡೋ, ಅಂದರೆ ನಾವು ಓದುವ ಮುನ್ನ ಸರ್ವರ್ ಕಳಿಸಬಹುದಾದ ಡೇಟಾದ ಮಿತಿ, ಡೀಫಾಲ್ಟ್ ಆಗಿ 2 ಎಂಬಿ. ಅದು ತುಂಬಿದ ಮೇಲೆ ಸರ್ವರ್ ಕಳಿಸುವುದನ್ನು ನಿಲ್ಲಿಸುತ್ತದೆ, ಸ್ಕ್ರಿಪ್ಟ್ ಬರೆಯಲಾಗದೆ ತಡೆದು ನಿಲ್ಲುತ್ತದೆ, ನಾವು ಅದು ಮುಗಿಯಲಿ ಎಂದು ಕಾಯುತ್ತಿರುತ್ತೇವೆ. ಟೆಸ್ಟ್‌ನಲ್ಲಿ ಹತ್ತು ಸಾಲಿನ ಔಟ್‌ಪುಟ್ ಇರುವುದರಿಂದ ಈ ದೋಷ ಕಾಣುವುದೇ ಇಲ್ಲ. ಸ್ಟ್ಯಾಂಡರ್ಡ್ ಔಟ್ ಪೂರ್ತಿ ಓದಿ, ಆಮೇಲೆ ಎರರ್ ಸ್ಟ್ರೀಮ್ ಓದಿದರೂ ಅದೇ ಗತಿ: ಎರಡನೆಯದು ಆ ಹೊತ್ತಿಗೆ ತುಂಬಿರಬಹುದು. ಸುಲಭದ ದಾರಿ ಎಂದರೆ ಎರಡನ್ನೂ ಒಂದೇ ಸ್ಟ್ರೀಮ್‌ಗೆ ಸೇರಿಸಿ, ಸಾಲುಸಾಲಾಗಿ ಓದಿ ಲಾಗ್‌ಗೆ ಬರೆದು, ಕೊನೆಗೆ ಕೋಡ್ ಕೇಳುವುದು.

ಬಂದ ಕೋಡ್ ಸೊನ್ನೆಯೋ ಅಲ್ಲವೋ ಎಂದಷ್ಟೇ ನೋಡಿ ಬಿಡಬೇಡಿ. 126 ಎಂದರೆ ಫೈಲ್ ಇದೆ, ಓಡಿಸುವ ಅನುಮತಿ ಇಲ್ಲ. 137 ಎಂದರೆ ಸಿಗ್ನಲ್ 9 (ಬಲವಂತವಾಗಿ ಕೊಲ್ಲುವ ಆದೇಶ) ಬಿದ್ದಿದೆ. ಬಹಳ ಸಲ ಮೆಮೊರಿ ಸಾಲದೆ ಕರ್ನಲ್ ಕೊಂದಿರುತ್ತದೆ. -1 ಬಂದರೆ ಸರ್ವರ್ ಕೋಡನ್ನೇ ಕಳಿಸಿಲ್ಲ. ಅದನ್ನು ‘ಸೋತಿತು’ ಎಂದು ಬರೆದುಕೊಳ್ಳದೆ ‘ಗೊತ್ತಿಲ್ಲ’ ಎಂದೇ ಬರೆದುಕೊಳ್ಳಿ.

127, ಅಂದರೆ ಕಮಾಂಡ್ ಸಿಗಲಿಲ್ಲ ಎಂಬುದು, ಎಲ್ಲರಿಗೂ ಗಂಟುಬೀಳುವ ಸಮಸ್ಯೆ. ಕೈಯಾರೆ ಲಾಗಿನ್ ಆಗಿ ಓಡಿಸಿದರೆ ಸರಿ, ಕೋಡ್‌ನಿಂದ ಓಡಿಸಿದರೆ 127. ಕೋಡ್‌ನಿಂದ ಹೋದಾಗ ಸಿಗುವ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಲಾಗಿನ್ ಶೆಲ್ ಅಲ್ಲ, ಎದುರು ಕುಳಿತು ಟೈಪ್ ಮಾಡುವ ಇಂಟರ್‌ಆಕ್ಟಿವ್ ಶೆಲ್ಲೂ ಅಲ್ಲ. ಬ್ಯಾಶ್ ಎಂಬ ಶೆಲ್ ಶುರುವಾಗುವಾಗ ಓದುವ, ಉಬುಂಟುವಿನ ಬ್ಯಾಶ್‌ಆರ್‌ಸಿ ಫೈಲ್‌ನ ಮೊದಲ ಸಾಲುಗಳೇ ‘ಇಂಟರ್‌ಆಕ್ಟಿವ್ ಅಲ್ಲದಿದ್ದರೆ ಇಲ್ಲಿಂದಲೇ ಹೊರಡು’ ಎನ್ನುತ್ತವೆ. ಅದರ ಕೆಳಗೆ ಸೇರಿಸಿದ ಪಾತ್ (ಪ್ರೋಗ್ರಾಂ ಹುಡುಕಬೇಕಾದ ಜಾಗ) ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಂಗಳ ಪೂರ್ಣ ಪಾತ್ ಬರೆಯಿರಿ. ಪ್ರತಿ ಎಕ್ಸೆಕ್ ಕಮಾಂಡ್‌ಗೂ ಹೊಸ ಶೆಲ್ ಎಂಬುದು ನೆನಪಿರಲಿ; ಒಂದರಲ್ಲಿ ಸಿಡಿ ಮಾಡಿದ ಡೈರೆಕ್ಟರಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ.

ಇನ್ನು ಟೈಮ್‌ಔಟ್. ಎಕ್ಸೆಕ್ ಕಮಾಂಡ್‌ಗೆ 600 ಕೊಟ್ಟರೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಬೇಕು ಎಂದಲ್ಲ, ಓದುವಾಗ ಹತ್ತು ನಿಮಿಷ ಏನೂ ಬರದಿದ್ದರೆ ಬಿಟ್ಟುಬಿಡು ಎಂದು. ಬಿಟ್ಟದ್ದು ನಮ್ಮ ಕೋಡ್ ಮಾತ್ರ. ಆ ಕಡೆಯ ಪ್ರಾಸೆಸ್ ತನ್ನ ಪಾಡಿಗೆ ಓಡುತ್ತಲೇ ಇರಬಹುದು. ರೀಟ್ರೈ ಬರೆದಿದ್ದರೆ ಇನ್ನೊಂದು ಪ್ರತಿ ಶುರುವಾಯಿತು ಅಂತಲೇ ಲೆಕ್ಕ. ನಿಜವಾದ ಗಡುವು ಸರ್ವರ್ ಕಡೆಯೇ ಇರಬೇಕು: ಲಿನಕ್ಸ್‌ನ ಟೈಮ್‌ಔಟ್ ಕಮಾಂಡ್ ಅವಧಿ ಮೀರಿದ ಪ್ರಾಸೆಸ್ ನಿಲ್ಲಿಸಿ 124 ಕೊಡುತ್ತದೆ. ಎರಡನೇ ಪ್ರತಿ ತಡೆಯಲು ಫೈಲ್‌ಗೆ ಬೀಗ ಹಾಕುವ ಎಫ್‌ಲಾಕ್ ಕಮಾಂಡ್ ಅನ್ನು ಕಾಯದ ಆಯ್ಕೆಯೊಂದಿಗೆ ಬಳಸಿ.

ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವ ಕೆಲಸವನ್ನು ಎಸ್‌ಎಸ್‌ಎಚ್ ಸಂಪರ್ಕಕ್ಕೆ ನೇತುಹಾಕುವುದೇ ತಪ್ಪು. ಲಾಗಿನ್ ಮುಚ್ಚಿದರೂ ಕಮಾಂಡ್ ಓಡುತ್ತಿರುವಂತೆ ಮಾಡುವ ನೋಹಪ್‌ಗಿಂತ, ಲಿನಕ್ಸ್‌ನ ಸರ್ವಿಸ್ ನಿರ್ವಾಹಕ ಸಿಸ್ಟಮ್‌ಡಿಗೆ ಕೆಲಸ ಒಪ್ಪಿಸುವ ಸಿಸ್ಟಮ್‌ಡಿ-ರನ್ ಎಷ್ಟೋ ಮೇಲು. ಯೂನಿಟ್‌ಗೆ (ಸಿಸ್ಟಮ್‌ಡಿ ಲೆಕ್ಕದಲ್ಲಿ ಆ ಕೆಲಸ) ನಾವೇ ಹೆಸರಿಟ್ಟು, ಮುಗಿದ ಮೇಲೂ ಉಳಿಯುವ ಆಯ್ಕೆ ಹಾಕಿ ಶುರುಮಾಡಿದರೆ, ಸಂಪರ್ಕ ಕಡಿದರೂ ಕೆಲಸ ನಡೆಯುತ್ತದೆ. ಅದೇ ಹೆಸರಲ್ಲಿ ಮತ್ತೆ ಶುರುಮಾಡಲು ಹೋದರೆ ಸಿಸ್ಟಮ್‌ಡಿ ಒಪ್ಪುವುದಿಲ್ಲ, ನಮಗೂ ಬೇಕಾದ್ದು ಅದೇ. ಯಾವಾಗ ಬೇಕಾದರೂ ಮರಳಿ ಬಂದು ಸಿಸ್ಟಮ್‌ಸಿಟಿಎಲ್ ಶೋ ಮೂಲಕ ಎಕ್ಸಿಟ್ ಕೋಡ್ ಕೇಳಬಹುದು. ರೂಟ್ (ಎಲ್ಲ ಹಕ್ಕಿರುವ ಖಾತೆ) ಅಲ್ಲದೆ ಸಾಮಾನ್ಯ ಬಳಕೆದಾರರ ಹೆಸರಲ್ಲಿ ಓಡಿಸುವುದಾದರೆ, ಲಾಗ್‌ಔಟ್ ಆದರೂ ಕೆಲಸ ಉಳಿಸುವ ಲಿಂಗರ್ ಆಯ್ಕೆ ಆನ್ ಮಾಡಿ, ಇಲ್ಲವಾದರೆ ಕೊನೆಯ ಸೆಷನ್ ಮುಚ್ಚಿದಾಗ ಕೆಲಸವೂ ಹೋಗುತ್ತದೆ.

ಸ್ಕ್ರಿಪ್ಟ್ ಅನ್ನು ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಬ್ಯಾಶ್‌ಗೆ ಉಣಿಸುವವರಿಗೆ ಒಂದು ಮಾತು: ಒಳಗಿನ ಯಾವುದಾದರೂ ಕಮಾಂಡ್ ಇನ್‌ಪುಟ್ ಓದುವಂಥದ್ದಾದರೆ, ಉದಾಹರಣೆಗೆ ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್, ಉಳಿದ ಸ್ಕ್ರಿಪ್ಟನ್ನೇ ನುಂಗಿಬಿಡುತ್ತದೆ. ಮಧ್ಯದಲ್ಲಿ ನಿಂತ ಸ್ಕ್ರಿಪ್ಟ್, ಕೋಡ್ ಮಾತ್ರ ಸೊನ್ನೆ! ಅಂಥ ಕಮಾಂಡ್‌ಗೆ ಇನ್‌ಪುಟ್ ಅನ್ನು ಡೆವ್-ನಲ್‌ನಿಂದ (/dev/null, ಓದಿದರೆ ಏನೂ ಸಿಗದ ಖಾಲಿ ಫೈಲ್) ಕೊಡಿ. ರೂಟ್ ಹಕ್ಕಿನಲ್ಲಿ ಓಡಿಸುವ ಸುಡೋ ಇದ್ದರೆ ಪಾಸ್‌ವರ್ಡ್ ಕೇಳದ ಎನ್ (-n) ಆಯ್ಕೆ ಹಾಕಿ. ನೇತಾಡುವ ಬದಲು ತಕ್ಷಣ ಸೋಲಲಿ.

ಒಂದೇ ಸರ್ವರ್‌ಗೆ ಐವತ್ತು ಥ್ರೆಡ್‌ಗಳಿಂದ ಐವತ್ತು ಸಂಪರ್ಕ ತೆರೆದರೆ ಕೆಲವು ಕಾರಣವಿಲ್ಲದೆ ಬಿದ್ದಂತೆ ಕಾಣುತ್ತವೆ. ಸರ್ವರ್ ಕಡೆ ಎಸ್‌ಎಸ್‌ಎಚ್ ಸಂಪರ್ಕ ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಚ್ ಡೀಫಾಲ್ಟ್‌ನಲ್ಲಿ ಲಾಗಿನ್ ಮುಗಿಸದ ಸಂಪರ್ಕಗಳು 10 ಆದ ಕೂಡಲೇ ಹೊಸದರಲ್ಲಿ ಶೇ. 30ರಷ್ಟನ್ನು ಮನಬಂದಂತೆ ಆರಿಸಿ ಕಡಿಯತೊಡಗುತ್ತದೆ, 100 ಆದರೆ ಎಲ್ಲವನ್ನೂ. ಒಂದು ಸಂಪರ್ಕ ತೆರೆದು ಅದರೊಳಗೆ ಹಲವು ಚಾನೆಲ್ ಬಳಸಿ. ಅದಕ್ಕೂ ಮಿತಿ ಇದೆ: ಡೀಫಾಲ್ಟ್‌ನಲ್ಲಿ ಒಂದು ಸಂಪರ್ಕಕ್ಕೆ 10 ಸೆಷನ್, ಹನ್ನೊಂದನೆಯದು ತೆರೆಯುವುದಿಲ್ಲ.