ನೀರು ಕಮ್ಮಿ ಸಾಕಾಗೋ ಗಿಡಗಳು ಸಾಯೋದು ನೀರಿಂದಾನೇ

ಸ್ಯಾನ್ ಹೊಸೆ ಹತ್ರ ನರ್ಸರಿ ಕೆಲಸ ನಂದು, ಕ್ಯಾಲಿಫೋರ್ನಿಯಾದ ಕಾಡು ಗಿಡಗಳೇ ನಮ್ಮಲ್ಲಿ ಜಾಸ್ತಿ. ಹಮ್ಮಿಂಗ್‌ಬರ್ಡ್ ಅನ್ನೋ ಮಕರಂದ ಹೀರೋ ಪುಟ್ಟ ಹಕ್ಕಿ ಬರ್ಬೇಕು, ನೀರು ಜಾಸ್ತಿ ಕೇಳಬಾರ್ದು, ಒಂದ್ಸಲ ನೆಟ್ರೆ ವರ್ಷಗಟ್ಟಲೆ ಇರ್ಬೇಕು ಅಂತ ಕೇಳ್ಕೊಂಡು ಬರೋರಲ್ಲಿ ಕನ್ನಡದವ್ರೂ ಇರ್ತಾರೆ, ಬರೋದು ಮಾತ್ರ ಜೂನಲ್ಲೇ, ಯಾಕಂದ್ರೆ ಊರಲ್ಲಿ ಮುಂಗಾರು ಹಿಡಿದ ಮೇಲೆ ತಾನೆ ಗಿಡ ನೆಡೋದು. ಇಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನವೆಂಬರಲ್ಲಿ ನೆಡಿ ಅಂತೀನಿ, ಮಳೆಯಲ್ಲೇ ಬೇರು ಆಳಕ್ಕಿಳಿಯತ್ತೆ.

ಒಬ್ಬ ಆಂಟಿ ಸತ್ತ ಕ್ಲೀವ್‌ಲ್ಯಾಂಡ್ ಸೇಜ್ ಅನ್ನೋ ಇಲ್ಲಿನ ಕಾಡು ಪೊದೆ ಗಿಡಾನ ಬೇರು ಸಮೇತ ಕವರಲ್ಲಿ ತಂದಿದ್ರು. ಎಲೆ ಬಾಡ್ತಿತ್ತು ಕಣಪ್ಪ, ಅದಕ್ಕೇ ದಿನಾ ಸಂಜೆ ನೀರು ಹಾಕ್ದೆ ಅಂದ್ರು. ಬೇರು ಹಿಡಿದು ಎಳೆದ್ರೆ ಮೇಲಿನ ಕಂದು ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ಬರೀ ನಾರು. ಬೇರುಕೊಳೆ ಇದು. ಬೇಸಿಗೆಯ ಬಿಸಿ ಮಣ್ಣು ಸದಾ ಒದ್ದೆ ಇದ್ರೆ ಫೈಟಾಫ್ತೊರಾ ಅನ್ನೋ ಬೇರು ಕೊಳೆಸೋ ಸೂಕ್ಷ್ಮಜೀವಿ ಬೆಳೆಯತ್ತೆ, ಬೇರು ಕೊಳೆತ ಮೇಲೆ ನೀರು ಮೇಲಕ್ಕೇರಲ್ಲ, ಗಿಡ ಬಾಯಾರಿದ ಹಾಗೇ ಬಾಡತ್ತೆ, ನಾವು ಇನ್ನೂ ನೀರು ಸುರೀತೀವಿ. ಅದಕ್ಕೇ ಬಾಡಿದ ಗಿಡ ಕಂಡ್ರೆ ಮೊದ್ಲು ಬೆರಳು ಮಣ್ಣೊಳಗೆ ಇಳಿಸಿ ನೋಡಿ, ಕೆಳಗೆ ತೇವ ಇದ್ರೆ ಪೈಪ್ ಮುಟ್ಲೇಬೇಡಿ. ಹಾಗಂತ ನೆಟ್ಟ ಮೊದಲ ವರ್ಷ ಪೂರ್ತಿ ಬಿಟ್ಬಿಡೋಕಾಗಲ್ಲ, ಅಪರೂಪಕ್ಕೆ ಹಾಕಿ, ಹಾಕಿದಾಗ ಆಳಕ್ಕಿಳಿಯೋ ಹಾಗೆ ಹಾಕಿ. ಗೊಬ್ಬರ ಬೇಡ, ಬುಡಕ್ಕೆ ಜಲ್ಲಿ ಸಾಕು.

ಊರಲ್ಲಿ ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಮೇಲೆ ಕೂತು ಮಕರಂದ ಹೀರತ್ತೆ, ಇಲ್ಲಿನ ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತ್ಕೊಂಡು ಹೀರೋದು, ಕೂರೋಕೆ ಜಾಗ ಇಲ್ಲದ ಉದ್ದ ಕೊಳವೆ ಹೂವಾದ್ರೂ ಆಗತ್ತೆ. ಆನಾಸ್ ಹಮ್ಮಿಂಗ್‌ಬರ್ಡ್ ಇಲ್ಲಿ ವರ್ಷಪೂರ್ತಿ ಇರತ್ತೆ, ಬರೀ 4 ಗ್ರಾಂ ಆಸುಪಾಸು ತೂಕದ ಈ ಹಕ್ಕಿಗೆ ಮಕರಂದ ಸಿಗ್ತಾನೇ ಇರ್ಬೇಕು, ಹಾಗಾಗಿ ಒಂದೇ ಗಿಡದ ಮೇಲೆ ದುಡ್ಡು ಹಾಕೋ ಬದ್ಲು ಒಂದಾದ ಮೇಲೊಂದು ಹೂ ಬಿಡೋ ಹಾಗೆ ನೋಡ್ಕೊಳ್ಳಿ: ವಸಂತಕ್ಕೆ ಮರದ ನೆರಳಲ್ಲಿ ಹಮ್ಮಿಂಗ್‌ಬರ್ಡ್ ಸೇಜ್, ಬೇಸಿಗೆ ಶುರುವಿಗೆ ಕ್ಲೀವ್‌ಲ್ಯಾಂಡ್ ಸೇಜ್, ಆಮೇಲೆ ಆಗಸ್ಟಿಂದ ಕ್ಯಾಲಿಫೋರ್ನಿಯಾ ಫ್ಯೂಶಿಯಾ. ನಂಗೆ ಇಷ್ಟವಾದದ್ದು ಈ ಕೊನೇದೇ, ಸುತ್ತ ಎಲ್ಲಾ ಒಣಗಿರೋವಾಗ ಕೆಂಪಗೆ ಹೂ ತುಂಬಿರತ್ತೆ. ಹೂ ಮುಗಿದ ಮೇಲೆ ಚಳಿಗಾಲದಲ್ಲಿ ನೆಲದ ಮಟ್ಟಕ್ಕೆ ಕತ್ತರಿಸಿ, ಹೆದರ್ಬೇಡಿ, ಬುಡದಿಂದ ಚಿಗುರತ್ತೆ. ಔಷಧಿ ಮಾತ್ರ ಸ್ಪ್ರೇ ಮಾಡ್ಬೇಡಿ ದಯವಿಟ್ಟು, ಮರಿಗಳಿಗೆ ಈ ಹಕ್ಕಿ ಸಣ್ಣ ಹುಳುನೂ ಹಿಡಿದು ತಿನ್ಸತ್ತೆ, ಗೂಡು ಕಟ್ಟೋಕೆ ಅದಕ್ಕೆ ಜೇಡರ ಬಲೆನೂ ಬೇಕು.