ಉಳಿದ ಅರ್ಧ ಮೀಟರ್

ಅವ್ವ ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಿಂದ ಐದು ಮೀಟರ್ ಬಟ್ಟೆ ತಂದಿದ್ದಳು. ತಲೆದಿಂಬಿನ ಕವರ್ ಹೊಲಿಯೋಕೆ. ಒಂದಕ್ಕೆ ಮುಕ್ಕಾಲು ಮೀಟರ್ ಬೇಕು.

ನನ್ನ ಮಗ ಏಳನೇ ಕ್ಲಾಸು. ಪೆನ್ಸಿಲ್ ಹಿಡಿದು ಕೂತೇಬಿಟ್ಟ. 5 ÷ 3/4. ತಿರುಗಿಸಿ ಗುಣಿಸಿದ, 5 × 4/3. ಇಪ್ಪತ್ತು ಭಾಗ ಮೂರು, ಅಂದ್ರೆ 6 2/3.

"ಆಯಿ, ಆರು ಕವರ್ ಆಗ್ತಾವು. ಮೀಟರಿನ ಮೂರರಲ್ಲಿ ಎರಡು ಪಾಲು ಉಳಿತೈತಿ."

ಅವ್ವ ಅಷ್ಟರಲ್ಲಿ ಬೆರಳು ಮಡಚಿ ಮುಗಿಸಿದ್ದಳು. ಐದು ಮೀಟರಿಗೆ ಇಪ್ಪತ್ತು ಕಾಲು. ಒಂದು ಕವರಿಗೆ ಮೂರು ಕಾಲು. ಆರಕ್ಕೆ ಹದಿನೆಂಟು. ಉಳಿದದ್ದು ಎರಡು ಕಾಲು.

"ತಮ್ಮಾ, ಅರ್ಧ ಮೀಟರ್ ಉಳಿತೈತಿ ನೋಡು."

ಇಬ್ಬರಲ್ಲೂ ಜಿದ್ದು. ಕೊನೆಗೆ ಕತ್ತರಿಸಿದ ಮೇಲೆ ಟೇಪು ಹಿಡಿದೆವು. ಸರಿಯಾಗಿ ಐವತ್ತು ಸೆಂಟಿಮೀಟರ್.

ಮಗನ ಮುಖ ಸಣ್ಣಗಾಯಿತು. ಪಾಪ, ಅವನ ಲೆಕ್ಕ ತಪ್ಪಿರಲಿಲ್ಲ. ಆ 2/3 ಮೀಟರಿಂದಲ್ಲ, ಕವರಿಂದು! ಉಳಿದ ತುಂಡಿನಲ್ಲಿ ಒಂದು ಕವರಿನ ಮೂರರಲ್ಲಿ ಎರಡು ಪಾಲು ಆಗುತ್ತೆ. ಮುಕ್ಕಾಲರ ಮೂರರಲ್ಲಿ ಎರಡು ಪಾಲು ಅಂದ್ರೆ ಅರ್ಧವೇ ಅಲ್ವಾ. ನನಗೂ ಇದು ಹೊಳೆದದ್ದು ಟೇಪು ಕೈಯಲ್ಲಿದ್ದಾಗಲೇ. ಶಾಲೆಯಲ್ಲಿ ನಾನು ಸುಮ್ನೆ ತಿರುಗಿಸಿ ಗುಣಿಸಿ ಮಾರ್ಕ್ಸ್ ತಗೊಂಡವನು. ಉತ್ತರದ ಮುಂದೆ ಮೀಟರೋ ಕವರೋ ಅಂತ ಯಾವತ್ತೂ ಯೋಚಿಸಿರಲಿಲ್ಲ.

ಅವ್ವ ಕಾಲು, ಅರ್ಧ, ಮುಕ್ಕಾಲು ಬಿಟ್ಟು ಬೇರೆ ಭಿನ್ನರಾಶಿ ಕಲಿತವಳೇ ಅಲ್ಲ. ಎಲ್ಲವನ್ನೂ ಕಾಲಿಗೆ ಇಳಿಸಿ ಎಣಿಸುತ್ತಾಳೆ, ಅಷ್ಟೇ.

ಮಗ ನೋಟ್‌ಬುಕ್ಕಿನಲ್ಲಿ 'ಮೀಟರ್' ಹೊಡೆದು ಹಾಕಿ 'ಕವರ್' ಅಂತ ಬರೆದ. ಆ ಅರ್ಧ ಮೀಟರ್ ಆಗಲೇ ಕೌದಿಯ ಗಂಟಿಗೆ ಸೇರಿತ್ತು.