ಮಡ್‌ಗಾರ್ಡ್ ಬಿಚ್ಚಿದ ಸೈಕಲ್ ಮತ್ತು ನನ್ನ ಜಿಮ್ನಿ

ಮಿರಗದ (ಮೃಗಶಿರಾ) ಮಳೆ ಬಿದ್ದ ಮರುದಿನವೇ ಅಪ್ಪ ಸೈಕಲ್ಲಿನ ಎರಡೂ ಮಡ್‌ಗಾರ್ಡ್‌ಗಳನ್ನು ಬಿಚ್ಚಿ ಪಡಸಾಲೆಯ ಮೂಲೆಗೆ ಒರಗಿಸುತ್ತಿದ್ದರು. ದೀಪಾವಳಿ ಕಳೆಯುವವರೆಗೆ ಅವು ಅಲ್ಲೇ ಇರುತ್ತಿದ್ದವು. ಎರೆಮಣ್ಣಿನ ದಾರಿಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೆ ಅಂಟಿದ ಮಣ್ಣು ಮಡ್‌ಗಾರ್ಡಿನೊಳಗೆ ಗಿಡಿದುಕೊಂಡು ಚಕ್ರವೇ ತಿರುಗುತ್ತಿರಲಿಲ್ಲ. ಆಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯಬೇಕಾಗುತ್ತಿತ್ತು. ಇದನ್ನು ನೋಡುತ್ತಲೇ ಬೆಳೆದ ನಾನು, ನನ್ನ ಗಾಡಿಗೆ, ಮಾರುತಿಯ ಜಿಮ್ನಿ ಎಂಬ ಜೀಪಿಗೆ, ಖರ್ಚು ಮಾಡುವಾಗ ಇದನ್ನು ನೆನಪಿಸಿಕೊಳ್ಳಲಿಲ್ಲ. ಅದರಿಂದ ಏನಾಯಿತು, ಈಗ ಗಾಡಿ ಯಾವ ಸ್ಥಿತಿಗೆ ಬಂದು ನಿಂತಿದೆ ಎಂಬುದನ್ನು ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಇಂಥ ಗಾಡಿ ಇಟ್ಟುಕೊಂಡು ಹೆದ್ದಾರಿಯಲ್ಲೂ ಓಡಾಡುವವರು ಹೆಚ್ಚುತ್ತಿದ್ದಾರೆ. ಅವರಿಗೆ ಬೇಕಾದೀತು.

ಮನೆ ಕಲಬುರಗಿಯಲ್ಲಿ. ನಾನು ಗಣಿತ ಕಲಿಸುವುದು ಬೀದರಿನಲ್ಲಿ. ವಾರಕ್ಕೆ ನಾಲ್ಕು ದಿನ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 110 ಕಿಲೋಮೀಟರ್. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಕೆಲವು ಕಾಲ ರೈಲಿನಲ್ಲೂ ಓಡಾಡಿದೆ, ತರಗತಿಯ ವೇಳೆಗೆ ಹೊಂದಲಿಲ್ಲ. ಭಾನುವಾರ ಅಫಜಲಪುರ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋಗುತ್ತೇನೆ. ಅಪ್ಪನಿಗೆ ಮೊಣಕಾಲು ನೋವು ಶುರುವಾದ ಮೇಲೆ ತೊಗರಿ ಮತ್ತು ಹಿಂಗಾರಿ ಜೋಳದ ಲೆಕ್ಕವೆಲ್ಲ ನನ್ನದೇ. ಡಾಂಬರು ರಸ್ತೆ ಬಿಟ್ಟ ಮೇಲೆ ನಾಲ್ಕು ಕಿಲೋಮೀಟರ್ ಬಂಡಿದಾರಿ, ಅದರಲ್ಲೂ ಭೀಮೆಯ ಕಡೆಗೆ ಇಳಿಯುವ ಅಪ್ಪಟ ಎರೆ. ಈ ಎರಡೂ ಕೆಲಸಕ್ಕೆ ಆಗುತ್ತದೆಂದು 2023ರಲ್ಲಿ ಜಿಮ್ನಿ ತೆಗೆದುಕೊಂಡೆ. ಪೆಟ್ರೋಲ್, ಐದು ಗೇರು, ಮುಂದೆಯೂ ಹಿಂದೆಯೂ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಕೈಯಿಂದ ಹಾಕುವ ಫೋರ್ ವ್ಹೀಲ್ ಡ್ರೈವ್.

ತೆಗೆದುಕೊಂಡ ಮೂರೇ ತಿಂಗಳಿಗೆ ಗಾಡಿಯನ್ನು ಎರಡು ಇಂಚು ಎತ್ತರಿಸಿ, ಕಾರ್ಖಾನೆಯಿಂದ ಬಂದ 195/80 ಆರ್15 ಟೈರುಗಳನ್ನು ತೆಗೆಸಿ 235/75 ಆರ್15 ಹಾಕಿಸಿದೆ (ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಟೈರಿನ ಅಗಲ). ಎತ್ತರವಾದಷ್ಟೂ ಕೆಸರು ದಾಟುವುದು ಸುಲಭ ಎಂಬ ನಂಬಿಕೆ ನನಗಿತ್ತು. ಅಷ್ಟು ಅಗಲದ ಟೈರಿಗೆ ಕನಿಷ್ಠ 6 ಇಂಚು ಅಗಲದ ರಿಮ್ ಬೇಕು. ಜಿಮ್ನಿಯದು 5.5 ಇಂಚು. ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಹೆದ್ದಾರಿಯಲ್ಲಿ ಆದದ್ದು. ಜಿಮ್ನಿಯ ಮುಂದಿನ ಆಕ್ಸಲ್ಲನ್ನು ಚಾಸಿಗೆ, ಎಂದರೆ ಗಾಡಿಯ ಅಡಿಚೌಕಟ್ಟಿಗೆ, ಹಿಡಿದಿಡುವುದು ಎರಡು ಉದ್ದನೆಯ ತೋಳುಗಳು. ಸ್ಪ್ರಿಂಗ್ ಉದ್ದ ಮಾಡಿ ಚಾಸಿಯನ್ನು ಮೇಲೆತ್ತಿದರೆ ಆ ತೋಳುಗಳ ಓರೆ ಬದಲಾಗಿ, ಇಡೀ ಆಕ್ಸಲ್ ತುಸು ಮುಂದಕ್ಕೆ ಉರುಳಿದಂತಾಗುತ್ತದೆ. ಆಗ ಕ್ಯಾಸ್ಟರ್ ಕೋನ, ಎಂದರೆ ಚಕ್ರ ಎಡಬಲಕ್ಕೆ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಓರೆ, ಕಡಿಮೆಯಾಗುತ್ತದೆ. ತಿರುಗಿಸಿ ಬಿಟ್ಟ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದು ಮುಖ್ಯವಾಗಿ ಈ ಕೋನದಿಂದ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಕೈಬಿಟ್ಟು ಓಡಿಸಲು ನೆರವಾಗುತ್ತದಲ್ಲವೇ, ಇದೂ ಹಾಗೆಯೇ. ನನ್ನ ಗಾಡಿ 80 ದಾಟಿತೆಂದರೆ ನೇರವಾಗಿ ಓಡುತ್ತಿರಲಿಲ್ಲ. ಮಹಾಗಾಂವ್ ಕ್ರಾಸ್ ಹತ್ತಿರ ಎದುರಿನಿಂದ ಒಂದು ಲಾರಿ ರಭಸದಿಂದ ಹೋದಾಗ ಅದರ ಗಾಳಿಗೇ ಗಾಡಿ ಅರ್ಧ ಅಡಿ ಸರಿಯಿತು. ಬೀದರ್ ತಲುಪುವವರೆಗೆ ಹೆಗಲು ಬಿಗಿದುಕೊಂಡೇ ಕೂತಿದ್ದೆ.

ಸೂಪರ್ ಮಾರ್ಕೆಟ್ ಕಡೆ ಗ್ಯಾರೇಜು ಇಟ್ಟಿರುವ ಮಿಸ್ತ್ರಿ ಚಾಚಾ ಕೆಳಗೆ ಮಲಗಿ ನೋಡಿ, ಆಕ್ಸಲ್ ಒಂದು ಪಕ್ಕಕ್ಕೂ ಸರಿದಿರುವುದನ್ನು ತೋರಿಸಿದರು. ಆಕ್ಸಲ್ಲನ್ನು ಅಡ್ಡಲಾಗಿ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್‌ನ ಉದ್ದ ಬದಲಾಗುವುದಿಲ್ಲವಾದ್ದರಿಂದ, ಗಾಡಿ ಮೇಲೆದ್ದರೆ ಆಕ್ಸಲ್ ಪಕ್ಕಕ್ಕೆ ಎಳೆಯಲ್ಪಡುತ್ತದೆ. "ನೋಡಿರಿ ಮೇಡಂ, ಇದಕ್ಕೆ ಬೇರೆ ಬುಷ್ ಹಾಕಬೇಕು, ಉದ್ದ ಹೊಂದಿಸುವ ರಾಡ್ ತರಿಸಬೇಕು, ಹೆಡ್‌ಲೈಟ್ ಕೆಳಗಿಳಿಸಬೇಕು. ಒಂದಕ್ಕೆ ಕೈ ಹಾಕಿದರೆ ನಾಲ್ಕಕ್ಕೆ ಹಾಕಬೇಕಾಗುತ್ತದೆ" ಎಂದರು. ಅವರು ಮಾರಾಟ ಮಾಡುವ ಆಸೆಯಿಂದ ಹೇಳಲಿಲ್ಲ. ಹಳೆಯ ಮಾರುತಿ ಜಿಪ್ಸಿ ಗಾಡಿಗಳನ್ನು ಬಿಚ್ಚಿ ಕಟ್ಟಿದ ಕೈ ಅದು.

ಪೆಟ್ರೋಲಿನ ಲೆಕ್ಕವನ್ನು ನಾನೇ ಮಾಡಿದೆ. ಹಳೆಯ ಟೈರಿನ ವ್ಯಾಸ 693 ಮಿಲಿಮೀಟರ್, ಹೊಸದರದು 733. ಎಂದರೆ ಮೀಟರು 100 ಕಿಲೋಮೀಟರ್ ತೋರಿಸುವಷ್ಟರಲ್ಲಿ ಗಾಡಿ ಸುಮಾರು 106 ಓಡಿರುತ್ತದೆ. ಇದನ್ನು ಸರಿಪಡಿಸದೆ ಮೈಲೇಜ್ ಲೆಕ್ಕ ಹಾಕಿದರೆ ಉತ್ತರ ತಪ್ಪು ಬರುತ್ತದೆ. ಟ್ಯಾಂಕ್ ತುಂಬಿಸಿ ತುಂಬಿಸಿ ನೋಡಿದಾಗ ಮೀಟರಿನ ಪ್ರಕಾರ ಲೀಟರಿಗೆ 11.5, ಸರಿಪಡಿಸಿದರೆ 12.2 ಬಂತು. ಮೊದಲು 15.5 ಕೊಡುತ್ತಿತ್ತು. ವಾರಕ್ಕೆ 880 ಕಿಲೋಮೀಟರ್ ಓಡುವವಳಿಗೆ ಅದು ಪ್ರತಿ ವಾರ 15 ಲೀಟರಿಗೂ ಹೆಚ್ಚಿನ ನಷ್ಟ. ದೊಡ್ಡ ಚಕ್ರವನ್ನು ತಿರುಗಿಸಲು ಎಂಜಿನ್ನಿಗೆ ಕಸುವು ಸಾಲದೆ ಕಮಲಾಪುರದ ಏರಿನಲ್ಲಿ ನಾಲ್ಕನೇ ಗೇರಿಗೆ ಇಳಿಯಬೇಕಾಗುತ್ತಿತ್ತು. ಮೊದಲು ಅದೇ ಏರನ್ನು ಐದರಲ್ಲೇ ಹತ್ತುತ್ತಿದ್ದೆ.

ಇಷ್ಟಾದರೂ ಹೊಲಕ್ಕೆ ಒಳ್ಳೆಯದಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆಷಾಢದ ಒಂದು ಭಾನುವಾರ, ಹಿಂದಿನ ರಾತ್ರಿ ಮಳೆಯಾಗಿತ್ತು, ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಬಂಡಿದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದಿನ ಎಡಚಕ್ರ ನಿಂತೇಬಿಟ್ಟಿತು. ಹೂತದ್ದಲ್ಲ, ಸಿಕ್ಕಿಹಾಕಿಕೊಂಡದ್ದು. ಎರೆಮಣ್ಣು ಟೈರಿನ ಸುತ್ತ ಪದರ ಪದರವಾಗಿ ಸುತ್ತಿಕೊಂಡು, ಒಳಗಿನ ಪ್ಲಾಸ್ಟಿಕ್ ಹೊದಿಕೆಗೂ ಆಕ್ಸಲ್ಲಿನ ತೋಳಿಗೂ ನಡುವೆ ಕಲ್ಲಿನಂತೆ ಗಿಡಿದಿತ್ತು. ಎರಡು ಇಂಚು ಎತ್ತರಿಸಿದ್ದರಿಂದ ಚಕ್ರದ ಮೇಲೆ ಜಾಗ ಹೆಚ್ಚಾಗಿತ್ತು, ನಿಜ. ಆದರೆ ಚಕ್ರದ ಮುಂದೆ, ಹಿಂದೆ ಮತ್ತು ಒಳಬದಿಯಲ್ಲಿ ಎತ್ತರಿಸುವುದರಿಂದ ಜಾಗ ಹೆಚ್ಚುವುದಿಲ್ಲ. ಅಗಲದ ಟೈರು ಅಲ್ಲಿದ್ದ ಜಾಗವನ್ನೂ ನುಂಗಿತ್ತು. ಮಣ್ಣು ಗಿಡಿಯುವುದು ಸರಿಯಾಗಿ ಅಲ್ಲಿಯೇ.

ಅಪ್ಪ ಜಾಲಿಯ ಕೋಲು ಮುರಿದು ತಂದು ಮಣ್ಣು ಕೆದರುತ್ತಾ, "ಅವ್ವಾ, ಚಕ್ರಕ್ಕೆ ಉಸಿರಾಡಲು ಜಾಗವೇ ಇಲ್ಲವಲ್ಲ. ಸೈಕಲ್ಲಿನ ಮಡ್‌ಗಾರ್ಡ್ ಯಾಕೆ ಬಿಚ್ಚುತ್ತಿದ್ದೆ, ನೆನಪಿದೆಯಾ?" ಎಂದರು. ಆ ಮಾತು ಕೇಳಿದಾಗ ಮುಂದೆ ಮಾಡಬೇಕಾದದ್ದೆಲ್ಲ ನನಗೆ ಒಮ್ಮೆಗೇ ಕಂಡಿತು.

ಮರುವಾರ ಗಾಡಿ ಎತ್ತರಿಸಲು ಹಾಕಿಸಿದ್ದ ಲಿಫ್ಟ್ ಕಿಟ್ ಪೂರ್ತಿ ಬಿಚ್ಚಿಸಿ ಹಳೆಯ ಸ್ಪ್ರಿಂಗ್‌ಗಳನ್ನೇ ಕೂರಿಸಿದೆವು. ಶಾಕ್ ಅಬ್ಸಾರ್ಬರ್ ಮಾತ್ರ ತುಸು ಬಿಗಿಯಾದವನ್ನು ಹಾಕಿಸಿದೆ. ಹೆದ್ದಾರಿಯ ಸೇತುವೆಗಳ ಸೇರುವೆ ದಾಟುವಾಗ ಗಾಡಿ ಎರಡು ಸಲ ಕುಣಿಯುತ್ತಿದ್ದದ್ದು ಈಗ ಒಂದೇ ಸಲಕ್ಕೆ ನಿಲ್ಲುತ್ತದೆ. ಟೈರು 215/75 ಆರ್15, ಡಾಂಬರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಜಾತಿಯದು. ವ್ಯಾಸದಲ್ಲಿ ಮೂಲಕ್ಕಿಂತ ಹತ್ತು ಮಿಲಿಮೀಟರ್ ಮಾತ್ರ ಹೆಚ್ಚು, ಮೂಲ ರಿಮ್ಮಿಗೇ ಕೂರುತ್ತದೆ. ಬೊಲೆರೊ ಗಾಡಿಯದೂ ಇದೇ ಅಳತೆ. ಆದ್ದರಿಂದ ಹುಮನಾಬಾದಿನಲ್ಲಾಗಲಿ ಅಫಜಲಪುರದಲ್ಲಾಗಲಿ ಟೈರು ಹರಿದರೆ ಅದೇ ದಿನ ಇನ್ನೊಂದು ಸಿಗುತ್ತದೆ.

ಟೈರಿನ ಅಂಚಿನ ಗೋಡೆಯ ಬಗ್ಗೆ ಹೇಳಲೇಬೇಕು. ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ, ಕುಡುಗೋಲಿನ ಓರೆ ಏಟಿಗೆ ಚೂಪಾಗಿ, ಜನವರಿಯ ಬಿಸಿಲಿಗೆ ಒಣಗಿ, ಮೊಳೆಯಂತೆ ನಿಂತಿರುತ್ತದೆ. ಟ್ರ್ಯಾಕ್ಟರ್ ಟೈರನ್ನೇ ತೂತು ಮಾಡುತ್ತದೆ. ತಳದಲ್ಲಿ ಪಂಚರಾದರೆ ಬತ್ತಿ ಹಾಕಿ ಹೆದ್ದಾರಿಗೆ ಬರಬಹುದು, ಗೋಡೆಯಲ್ಲಾದರೆ ಆ ಟೈರನ್ನು ಎಸೆಯಬೇಕು. ಹಾಗಾಗಿ ದಪ್ಪ ಗೋಡೆಯ ಟೈರು ಆರಿಸಿದೆ. ಭಾರ ಹೆಚ್ಚು, ಮೈಲೇಜ್ 14.5ಕ್ಕೆ ನಿಂತಿದೆ. ಲೀಟರಿಗೆ ಈ ಒಂದು ಕಿಲೋಮೀಟರನ್ನು ನಾನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಉಳಿದ ಕೆಲಸವನ್ನೆಲ್ಲ ಗಾಳಿ ಮಾಡುತ್ತದೆ. ಡಾಂಬರು ಮುಗಿಯುವ ಬೇವಿನ ಮರದ ಹತ್ತಿರ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿಯನ್ನು 18 ಪಿಎಸ್‌ಐಗೆ ಇಳಿಸುತ್ತೇನೆ. ಟೈರು ನೆಲಕ್ಕೆ ಉದ್ದವಾಗಿ ಹರಡಿಕೊಳ್ಳುತ್ತದೆ, ಹೂಳುವುದು ಕಡಿಮೆ. ಮೆತ್ತಗಾದ ಟೈರು ತಿರುಗುವಾಗ ಬಾಗುವುದರಿಂದ ಅಂಟಿದ ಮಣ್ಣು ತಾನೇ ಕಳಚಿ ಬೀಳುತ್ತದೆ. ಮರಳಿ ಅದೇ ಮರದ ಕೆಳಗೆ, ಬ್ಯಾಟರಿಗೆ ಕ್ಲಿಪ್ ಸಿಕ್ಕಿಸುವ ಸಣ್ಣ ಕಂಪ್ರೆಸರಿನಿಂದ, ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಷ್ಟು ಗಾಳಿ ತುಂಬುತ್ತೇನೆ. ಕಾಲು ಗಂಟೆಯ ಕೆಲಸ. ಇದನ್ನು ಮಾತ್ರ ಯಾರೂ ತಪ್ಪಿಸಬೇಡಿ. ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ಅಂಥ ಡಾಂಬರಿನ ಮೇಲೆ ಗಾಳಿ ಕಡಿಮೆಯಿರುವ ಟೈರು ವೇಗದಲ್ಲಿ ಬಾಗಿ ಬಾಗಿ ಕಾದು ಸಿಡಿಯಬಹುದು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತ್ತು. ಸೋಮವಾರ ಬೆಳಿಗ್ಗೆ 80ರ ವೇಗಕ್ಕೆ ಸ್ಟಿಯರಿಂಗ್ ನಡುಗುತ್ತಿತ್ತು, ಬುಧವಾರಕ್ಕೆ ತಾನೇ ಕಡಿಮೆಯಾಗುತ್ತಿತ್ತು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಕಾರಣ ಇದ್ದದ್ದು ರಿಮ್ಮಿನ ಒಳಬದಿಯಲ್ಲಿ. ಭಾನುವಾರದ ಎರೆಮಣ್ಣು ಅಲ್ಲಿ ಒಂದೇ ಕಡೆ ಒಣಗಿ ಕೂತು ಚಕ್ರದ ತೂಕ ಏರುಪೇರಾಗುತ್ತಿತ್ತು. ದಿನ ಕಳೆದಂತೆ ಹೆಂಟೆ ಉದುರಿ ನಡುಕ ನಿಲ್ಲುತ್ತಿತ್ತು. ಈಗ ಹಸಿಯಿರುವಾಗಲೇ ಕೆರೆಯುತ್ತೇನೆ. ಒಣಗಿದ ಮೇಲೆ ಅದಕ್ಕೆ ಉಳಿಯೇ ಬೇಕು.

ಎಂಜಿನ್ನಿನ ಕೆಳಗೆ ಹಾಕಿಸಿದ್ದ ಉಕ್ಕಿನ ತಗಡನ್ನೂ ತೆಗೆಸಿದ್ದೇನೆ. ರಾಶಿಯ ಕಾಲದಲ್ಲಿ ಒಮ್ಮೆ ಬಿಚ್ಚಿ ನೋಡಿದಾಗ ಅದರ ಮೇಲೆ ತೊಗರಿಯ ಹೊಟ್ಟು ಒಂದು ಬೊಗಸೆಯಷ್ಟು ಶೇಖರವಾಗಿತ್ತು, ಕಾದ ಸೈಲೆನ್ಸರ್ ಪೈಪಿನಿಂದ ಗೇಣು ದೂರದಲ್ಲಿ. ನಮ್ಮ ಎರೆಯಲ್ಲಿ ತಳಕ್ಕೆ ಬಡಿಯುವ ಬಂಡೆಯೂ ಇಲ್ಲ. ಶಹಾಬಾದ್ ಕಡೆಯ ಕಲ್ಲುನೆಲದವರಿಗೆ ಅದು ಬೇಕಾಗಬಹುದು, ಅವರು ವಾರಕ್ಕೊಮ್ಮೆ ಬಿಚ್ಚಿ ಸ್ವಚ್ಛ ಮಾಡಲಿ. ಮುಂದಿನ ಉಕ್ಕಿನ ಗಾರ್ಡ್ ಹಾಕಿಸಲೇ ಇಲ್ಲ. ಡಿಸೆಂಬರ್ 2017ರಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ರಾಜ್ಯಗಳಿಗೆ ತಿಳಿಸಿದೆ. ಏರ್‌ಬ್ಯಾಗ್ ತೆರೆಯುವ ಲೆಕ್ಕವನ್ನೂ ಅದು ಕೆಡಿಸಬಹುದು.

ಬೆಳಕಿಗೆ ಒಂದೇ ಬದಲಾವಣೆ: 60/55 ವ್ಯಾಟಿನ ಅದೇ ಬಲ್ಬುಗಳಿಗೆ, ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಡಿಸುವ ರಿಲೇ ಇರುವ ದಪ್ಪ ವೈರಿಂಗ್. ವೋಲ್ಟೇಜ್ ಸೋರದೆ ಬಲ್ಬು ಪೂರ್ತಿ ಉರಿಯುತ್ತದೆ, ಎದುರಿನವರ ಕಣ್ಣು ಕುಕ್ಕುವುದಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ದೀಪವಿಲ್ಲದ ಜೋಡಿ ಟ್ರಾಲಿಗಳು ರಸ್ತೆಯ ಮೇಲಿರುತ್ತವೆ. ಸಂಜೆ ಏಳರ ಮೇಲೆ ನಾನು 70 ದಾಟುವುದಿಲ್ಲ.

ಕಳೆದ ಭಾನುವಾರವೂ ಮಳೆಯಾಗಿತ್ತು. ಬೇವಿನ ಮರದ ಕೆಳಗೆ ಗಾಳಿ ಇಳಿಸುವಷ್ಟರಲ್ಲಿ ಅಪ್ಪ ಇಳಿದು ಹೋಗಿ ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಿ ಬಂದರು. "ದಾರಿ ಆಗುತ್ತದೆ. ಹೊಲ ಇನ್ನೂ ಹದಕ್ಕೆ ಬಂದಿಲ್ಲ, ಗಾಡಿ ಒಡ್ಡಿನ ಈಚೆಗೇ ಇರಲಿ" ಎಂದರು. ಹಸಿ ಎರೆಯ ಮೇಲೆ ಚಕ್ರ ಹಾಯಿಸಿದರೆ ನೆಲ ಬಿಗಿದು ಆ ಪಟ್ಟಿಯಲ್ಲಿ ಜೋಳ ಏಳುವುದಿಲ್ಲ. ಎರಡನೇ ಗೇರಿನಲ್ಲಿ, ಎಲ್ಲೂ ನಿಲ್ಲಿಸದೆ, ನಾಲ್ಕು ಕಿಲೋಮೀಟರನ್ನೂ ದಾಟಿದೆವು. ಒಡ್ಡಿನ ಹತ್ತಿರ ನಿಲ್ಲಿಸಿ ನಾನು ಚಕ್ರದ ಒಳಗೆ ಕೈ ಹಾಕಿ ನೋಡಿದೆ. ಮಣ್ಣು ಅಂಟಿತ್ತು, ಆದರೆ ನಾಲ್ಕು ಬೆರಳು ಸಲೀಸಾಗಿ ಆಡುವಷ್ಟು ಜಾಗ ಉಳಿದಿತ್ತು. ಅಪ್ಪ ಜಾಲಿಯ ಕೋಲನ್ನು ಹಿಂದಿನ ಸೀಟಿನ ಕೆಳಗೆ ಇಟ್ಟೇ ಇದ್ದರು. ಅದನ್ನು ತೆಗೆದುಕೊಂಡು ಅವರು ಎಡಚಕ್ರಗಳನ್ನು, ನಾನು ಬಲಚಕ್ರಗಳನ್ನು ಕೆರೆದೆವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬೀದರಿನಲ್ಲಿ ಮೊದಲ ತರಗತಿಯಿತ್ತು.